ಮಾತ್ರೆಯ ಹಿಂದಿರುವ ನಾಲ್ವರು

ಅಧಿಕ ರಕ್ತದೊತ್ತಡ, ಮಧುಮೇಹಗಳಂಥ ದೀರ್ಘಕಾಲಿಕ ಕಾಯಿಲೆಗಳು ಒಂದು ಭೇಟಿಯಲ್ಲಿ ಮುಗಿಯುವಂಥವಲ್ಲವಾದ್ದರಿಂದ ಅವುಗಳ ಆರೈಕೆ ಹಲವರ ಕೈ ದಾಟಿ ಸಾಗುತ್ತದೆ. ಆ ಹಲವರು ಒಬ್ಬ ರೋಗಿಗಾಗಿ ಕೂಡಿ ದುಡಿಯುವ ವ್ಯವಸ್ಥೆಯೇ ಸಂಯೋಜಿತ ಆರೈಕೆ.

2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಆರೋಗ್ಯ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸುವ ಕೆಲಸ ಆರಂಭವಾದಾಗ, ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆ ಬಂದಿತು. ಅಲ್ಲಿ ಸಂಯೋಜಿತ ಆರೈಕೆ ಸಾಗುವುದು ಹೀಗೆ: 30 ವರ್ಷ ತುಂಬಿದವರ ಮನೆಗೆ ಹೋಗಿ ತಂಬಾಕು ಸೇವನೆ, ಸೊಂಟದ ಸುತ್ತಳತೆ, ಕುಟುಂಬದ ಕಾಯಿಲೆಗಳ ವಿವರ ಬರೆದುಕೊಳ್ಳುವವರು ಆಶಾ ಕಾರ್ಯಕರ್ತೆಯರು. ರಕ್ತದೊತ್ತಡ, ಸಕ್ಕರೆ ಅಂಶ ಪರೀಕ್ಷಿಸುವವರು ಸಹಾಯಕ ಶುಶ್ರೂಷಕಿ-ಸೂಲಗಿತ್ತಿ (ಎಎನ್‌ಎಂ) ಮತ್ತು ಸಮುದಾಯ ಆರೋಗ್ಯ ಅಧಿಕಾರಿ. ರೋಗ ನಿರ್ಣಯಿಸಿ ಚಿಕಿತ್ಸೆ ಆರಂಭಿಸುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಮುಂದಿನ ತಿಂಗಳುಗಳ ಮಾತ್ರೆ ಮತ್ತೆ ಉಪಕೇಂದ್ರದಲ್ಲೇ ಸಿಗಬೇಕು.

ಈ ಏರ್ಪಾಡು ನಿಂತಿರುವುದು ಪರಸ್ಪರ ವಿಶ್ವಾಸದ ಮೇಲೆ. ಉಪಕೇಂದ್ರದ ಅಳತೆಯನ್ನು ವೈದ್ಯರು ನಂಬದಿದ್ದರೆ ರೋಗಿಯೂ ಅದನ್ನು ನಂಬುವುದಿಲ್ಲ, ಮತ್ತು ಮಾತ್ರೆಗಾಗಿ ಅಲ್ಲಿಗೆ ಮರಳುವುದಿಲ್ಲ. ಆಶಾ ಕಾರ್ಯಕರ್ತೆಯರ ಸ್ಥಿತಿ ಇನ್ನೂ ಕಷ್ಟದ್ದು: ಸಂಬಳದ ಬದಲು ಗೌರವಧನ, ಪ್ರೋತ್ಸಾಹಧನಗಳಿಗೆ ದುಡಿಯುವ ಅವರಿಗೆ, ತಾವು ಕಳಿಸಿದ ರೋಗಿಗೆ ಯಾವ ಚಿಕಿತ್ಸೆ ದೊರೆಯಿತೆಂಬ ಮರುಮಾಹಿತಿ ತಲುಪದೆ ಹೋದರೆ, ಮಾತ್ರೆ ನಿಲ್ಲಿಸಿದವರ ಮನವೊಲಿಸಲು ಅವರ ಬಳಿ ಆಧಾರವೇ ಉಳಿಯದು. ರೋಗಿ ಮಾತ್ರೆ ಬಿಟ್ಟದ್ದು ಖರ್ಚಿಗೋ, ತಲೆಸುತ್ತಿಗೋ, ಗುಣವಾಯಿತೆಂಬ ಭಾವನೆಗೋ ಎಂಬುದು ಹೆಚ್ಚಾಗಿ ತಿಳಿದಿರುವುದು ಈ ಕಾರ್ಯಕರ್ತೆಯರಿಗೇ ಆದ್ದರಿಂದ, ಆರೋಗ್ಯ ಕೇಂದ್ರದ ಮಾಸಿಕ ಸಭೆ ಗುರಿಗಳ ಲೆಕ್ಕ ಒಪ್ಪಿಸುವಲ್ಲಿಗೆ ಮುಗಿಯದೆ, ಚಿಕಿತ್ಸೆ ಬಿಟ್ಟ ಒಬ್ಬೊಬ್ಬರ ಬಗ್ಗೆಯೂ ವೈದ್ಯರು ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿಯುವ ಜಾಗವಾಗಬೇಕು.