ಸಂಶೋಧನೆಯ ಒಂಟಿ ಹಾದಿಗೆ ಗುಂಪಿನ ಆಸರೆ

ಪಿಎಚ್.ಡಿ. ಎಂದರೆ ಪಾಂಡಿತ್ಯದ ಪರೀಕ್ಷೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಒಂಟಿತನದ ಪರೀಕ್ಷೆಯೂ ಹೌದೆಂಬುದು ಆ ಹಾದಿಯಲ್ಲಿ ನಡೆದವರಿಗೆ ಗೊತ್ತು. ಸ್ನಾತಕೋತ್ತರ ಹಂತದವರೆಗೆ ಪಠ್ಯಕ್ರಮ, ವೇಳಾಪಟ್ಟಿ, ಸಹಪಾಠಿಗಳು ಎಲ್ಲವೂ ಇರುತ್ತವೆ. ಕೋರ್ಸ್‌ವರ್ಕ್ ಮುಗಿದ ಬಳಿಕ ಸಂಶೋಧನಾರ್ಥಿಯ ಪಾಲಿಗೆ ಉಳಿಯುವುದು ಒಂದು ವಿಷಯ, ಒಬ್ಬ ಮಾರ್ಗದರ್ಶಕ ಮತ್ತು ಕೆಲವು ದೀರ್ಘ ವರ್ಷಗಳು.

ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದ 3,659 ಪಿಎಚ್.ಡಿ. ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸುಮಾರು ಮೂವರಲ್ಲಿ ಒಬ್ಬರು ಖಿನ್ನತೆಯಂಥ ಮಾನಸಿಕ ಸಮಸ್ಯೆಯ ಅಪಾಯದಲ್ಲಿದ್ದಾರೆ ಎಂಬುದು ಅದರ ತೀರ್ಮಾನ. ಆರ್ಥಿಕವಾಗಿ ಮುಂದುವರಿದ ದೇಶದ ಸ್ಥಿತಿಯೇ ಹೀಗಿರುವಾಗ ನಮ್ಮ ವಿಶ್ವವಿದ್ಯಾಲಯಗಳು ಈ ಬಗ್ಗೆ ಯೋಚಿಸದಿರಲಾಗದು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷಗಳ ಅವಧಿಯಿದೆ. ಮರುನೋಂದಣಿ ಮಾಡಿಕೊಂಡರೆ ಇನ್ನೆರಡು ವರ್ಷ ದೊರೆಯಬಹುದು. ಪ್ರತಿ ಸೆಮಿಸ್ಟರ್‌ನಲ್ಲಿ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಆದರೆ ‘ನಾಲ್ಕು ತಿಂಗಳಿಂದ ಒಂದು ಪುಟವನ್ನೂ ಬರೆದಿಲ್ಲ’ ಎಂದು ಮೌಲ್ಯಮಾಪನ ಮಾಡುವವರ ಎದುರು ಹೇಳುವ ಧೈರ್ಯ ಎಷ್ಟು ಮಂದಿಗಿದೆ? ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8 ಮಂದಿಗೆ ಮಾರ್ಗದರ್ಶನ ನೀಡಲು ಅವಕಾಶವಿರುವುದರಿಂದ ಅವರ ಸಮಯಕ್ಕೂ ಮಿತಿಯುಂಟು.

ಗುಂಪು ಕೋಚಿಂಗ್ ನೆರವಾಗುವುದು ಇಲ್ಲಿಯೇ. ಇದು ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಅಲ್ಲ, ಇಲ್ಲಿ ಪಾಠವಿರುವುದಿಲ್ಲ. ಬೇರೆಬೇರೆ ವಿಭಾಗಗಳ ಆರೆಂಟು ಸಂಶೋಧನಾರ್ಥಿಗಳು ತರಬೇತಿ ಪಡೆದ ಒಬ್ಬರ ನೇತೃತ್ವದಲ್ಲಿ, ಉದಾಹರಣೆಗೆ ಹದಿನೈದು ದಿನಗಳಿಗೊಮ್ಮೆ, ಸೇರುತ್ತಾರೆ. ಒಬ್ಬರು ತಮ್ಮ ತೊಡಕನ್ನು ಮುಂದಿಡುತ್ತಾರೆ. ಉಳಿದವರು ಉಪದೇಶ ಮಾಡದೆ ಪ್ರಶ್ನೆ ಕೇಳುತ್ತಾರೆ: ಕೆಲಸ ನಿಂತದ್ದು ಎಲ್ಲಿ? ಈಗಾಗಲೇ ಏನನ್ನು ಪ್ರಯತ್ನಿಸಿದ್ದೀರಿ? ಮುಂದಿನ ಸಭೆಯೊಳಗೆ ಯಾವ ಸಣ್ಣ ಕೆಲಸ ಸಾಧ್ಯ? ಉತ್ತರ ಕಂಡುಕೊಳ್ಳುವ ಹೊಣೆ ಸಂಶೋಧನಾರ್ಥಿಯದೇ. ಮಾತು ಕೊಟ್ಟ ಕೆಲಸ ಏನಾಯಿತೆಂದು ಮುಂದಿನ ಸಭೆಯಲ್ಲಿ ಹೇಳಬೇಕು.

ಈ ಕ್ರಮದ ಬೇರು ವಿಶ್ವವಿದ್ಯಾಲಯದ ಹೊರಗಿದೆ. 1940ರ ದಶಕದಲ್ಲಿ ಬ್ರಿಟನ್‌ನ ಕಲ್ಲಿದ್ದಲು ಮಂಡಳಿಯಲ್ಲಿದ್ದ ರೆಗ್ ರೆವನ್ಸ್, ಗಣಿಗಳ ವ್ಯವಸ್ಥಾಪಕರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಪರಸ್ಪರರ ಸಮಸ್ಯೆಗಳ ಬಗ್ಗೆ ಪ್ರಶ್ನಿಸುವಂತೆ ಪ್ರೇರೇಪಿಸಿದರು. ಹೊರಗಿನ ತಜ್ಞರ ಉಪನ್ಯಾಸಕ್ಕಿಂತ ಸಮಾನ ಕಷ್ಟದವರ ಪ್ರಶ್ನೆ ಹೆಚ್ಚು ಕಲಿಸುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ಇಂಥ ಗುಂಪಿನ ಮೊದಲ ಲಾಭವೆಂದರೆ ‘ನಾನೊಬ್ಬನೇ ಹಿಂದುಳಿದಿದ್ದೇನೆ’ ಎಂಬ ಭ್ರಮೆ ಕರಗುವುದು. ರಸಾಯನಶಾಸ್ತ್ರದ ಪ್ರಯೋಗ ಕೈಕೊಟ್ಟವರೂ, ಇತಿಹಾಸದ ದಾಖಲೆ ಸಿಗದವರೂ ಅನುಭವಿಸುವ ಆತಂಕ ಒಂದೇ ಎಂಬುದು ಅಲ್ಲಿ ತಿಳಿಯುತ್ತದೆ. ಆದರೆ ಎರಡು ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಸದಸ್ಯರ ಮಾರ್ಗದರ್ಶಕರಾಗಲಿ, ಪರೀಕ್ಷಕರಾಗಲಿ ಅಲ್ಲಿ ಇರಬಾರದು.

ಮಿತಿಗಳನ್ನೂ ಮರೆಯುವಂತಿಲ್ಲ. ತಡವಾಗುವ ಶಿಷ್ಯವೇತನವನ್ನಾಗಲಿ, ಮಾರ್ಗದರ್ಶಕರ ಕಿರುಕುಳವನ್ನಾಗಲಿ ಈ ಗುಂಪು ಸರಿಪಡಿಸದು; ಅದು ಆಡಳಿತದ ಹೊಣೆ. ತೀವ್ರ ಖಿನ್ನತೆಗೆ ವೈದ್ಯಕೀಯ ನೆರವೇ ಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖ ಕೇಂದ್ರವಾಗಿರುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ಇಷ್ಟಾಗಿಯೂ ಈ ಕ್ರಮಕ್ಕೆ ಹೆಚ್ಚಿನ ವೆಚ್ಚವಿಲ್ಲ. ಒಂದು ಕೊಠಡಿ, ಒಂದೂವರೆ ಗಂಟೆ, ತರಬೇತಿ ಹೊಂದಿದ ಒಬ್ಬ ವ್ಯಕ್ತಿ ಇದ್ದರೆ ಸಾಕು. ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಹೋಗುವ ಪ್ರತಿಯೊಬ್ಬರೊಂದಿಗೆ ಸಮಾಜದ ಹಣ ಮತ್ತು ಒಂದು ಜೀವದ ಹಲವು ವರ್ಷಗಳು ವ್ಯರ್ಥವಾಗುತ್ತವೆ. ಅದನ್ನು ಲೆಕ್ಕ ಹಾಕಿದರೆ, ನಮ್ಮ ವಿಶ್ವವಿದ್ಯಾಲಯಗಳು ಈ ಪ್ರಯೋಗಕ್ಕೆ ಮುಂದಾಗುವುದು ಒಳಿತು.