ಮನೆಯ ವೈ-ಫೈ ಸೌಲಭ್ಯ ಉತ್ತಮಪಡಿಸುವಿಕೆ: ಮೆಶ್ ರೂಟರ್ ಮತ್ತು ಪೋಷಕರ ನಿಯಂತ್ರಣ – ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಿದ್ಯಾರ್ಥಿವೇತನ ಮೊದಲಾದ ಸೇವೆಗಳನ್ನು ನಾಗರಿಕರು ಮನೆಯಿಂದಲೇ ಅಂತರ್ಜಾಲದ ಮೂಲಕ ಪಡೆಯಬಹುದಾಗಿದೆ. ಆದರೆ ಅರ್ಜಿಯನ್ನು ಭರ್ತಿ ಮಾಡಿ ದಾಖಲೆಗಳನ್ನು ಅಪ್‌ಲೋಡ್ ಮಾಡುವ ಹಂತದಲ್ಲಿ ಸಂಪರ್ಕ ಕಡಿದುಹೋದಲ್ಲಿ, ನಿಗದಿತ ಅವಧಿ ಮೀರಿ ಅರ್ಜಿಯನ್ನು ಮೊದಲಿನಿಂದ ಭರ್ತಿ ಮಾಡಬೇಕಾಗುವುದು. ಅನೇಕ ಸಂದರ್ಭಗಳಲ್ಲಿ ಇದಕ್ಕೆ ಹೊರಗಿನ ಲೈನ್ ಕಾರಣವಾಗಿರದೆ, ಮನೆಯೊಳಗಿನ ವೈ-ಫೈ ಸಿಗ್ನಲ್ ಎಲ್ಲಾ ಕೋಣೆಗಳಿಗೆ ತಲುಪದಿರುವುದೇ ಕಾರಣವಾಗಿರುತ್ತದೆ.

ಸಿಗ್ನಲ್ ಎಲ್ಲಾ ಕೋಣೆಗಳಿಗೆ ತಲುಪುವಂತೆ ಮಾಡಿದಾಗ ಅದು ಮಕ್ಕಳು ಬಾಗಿಲು ಹಾಕಿಕೊಂಡು ಕೂರುವ ಕೋಣೆಗೂ ತಲುಪುತ್ತದೆ ಎಂಬುದನ್ನು ಗಮನಿಸಬೇಕಾಗಿದೆ. ಚಾವಡಿಯಲ್ಲಿ ಹಿರಿಯರ ಕಣ್ಣಳತೆಯಲ್ಲಿ ನಡೆಯುತ್ತಿದ್ದ ಬಳಕೆ ಆ ಬಳಿಕ ಉಪ್ಪರಿಗೆಯ ಕೋಣೆಗೆ ಹೋಗುವುದು. ಆದುದರಿಂದ ಸಿಗ್ನಲ್ ವಿಸ್ತರಣೆ ಮತ್ತು ಮಕ್ಕಳ ಬಳಕೆಯ ನಿಯಂತ್ರಣ ಇವೆರಡನ್ನೂ ಒಂದೇ ದಿನ, ಒಂದೇ ಕೆಲಸವಾಗಿ ಕೈಗೊಳ್ಳುವುದು ಸೂಕ್ತ. ಕಾಪು ತಾಲ್ಲೂಕಿನ ಇನ್ನಂಜೆ ಪರಿಸರದ ಮನೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದರ ಕ್ರಮವನ್ನು ಕೆಳಗೆ ವಿವರಿಸಲಾಗಿದೆ.

2. ಸಿಗ್ನಲ್ ತಲುಪದಿರಲು ಕಾರಣಗಳು

ಇನ್ನಂಜೆ, ಶಂಕರಪುರ ಸುತ್ತಮುತ್ತಲಿನ ಹಳೆಯ ಮನೆಗಳ ಗೋಡೆಗಳು ದಪ್ಪನೆಯ ಮುರಕಲ್ಲಿನವು. ಇಂತಹ ಎರಡು ಮೂರು ಗೋಡೆಗಳನ್ನು ದಾಟುವಷ್ಟರಲ್ಲಿ ಸಿಗ್ನಲ್ ಬಹಳ ಕ್ಷೀಣಿಸುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಗೋಡೆಯು ಅದನ್ನು ಇನ್ನಷ್ಟು ತಡೆಯುತ್ತದೆ. ಹೊಸ ತಾರಸಿ ಮನೆಗಳಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ಮೇಲಿನ ಅಂತಸ್ತಿಗೆ ಸಿಗ್ನಲ್ ಹೋಗದಂತೆ ಅಡ್ಡಿಪಡಿಸುತ್ತವೆ.

ವೈ-ಫೈ ಸಾಮಾನ್ಯವಾಗಿ ಎರಡು ತರಂಗಾಂತರಗಳಲ್ಲಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ತಲುಪುತ್ತದೆ, ಆದರೆ ಅದರ ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಗೋಡೆಗಳನ್ನು ಸುಲಭವಾಗಿ ದಾಟುವುದಿಲ್ಲ. ಇವೆರಡರಲ್ಲಿಯೂ ಮನೆಬಳಕೆಯ ವೈ-ಫೈ ಉಪಕರಣ ಇಡಲು ಪ್ರತ್ಯೇಕ ಪರವಾನಗಿಯ ಅಗತ್ಯವಿರುವುದಿಲ್ಲ.

3. ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆ

ಮೆಶ್ ಉಪಕರಣಗಳಿಗೆ ಹಲವು ಸಾವಿರ ರೂಪಾಯಿ ವೆಚ್ಚವಾಗುವುದರಿಂದ ಮೊದಲು ಈ ಕೆಳಕಂಡ ಪರೀಕ್ಷೆಗಳನ್ನು ಮಾಡಿಕೊಳ್ಳತಕ್ಕದ್ದು.

(ಅ) ಫೈಬರ್ ಲೈನ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ಪಕ್ಕದಲ್ಲಿಯೇ ನಿಂತು ವೇಗವನ್ನು ಅಳೆಯುವುದು. ಸಾಧ್ಯವಿದ್ದಲ್ಲಿ ಲ್ಯಾಪ್‌ಟಾಪ್‌ಗೆ ನೇರವಾಗಿ ಕೇಬಲ್ ಜೋಡಿಸಿ ನೋಡುವುದು. ಅಲ್ಲಿಯೇ ವೇಗ ಕಡಿಮೆಯಿದ್ದರೆ ದೋಷ ಲೈನಿನಲ್ಲಿದೆ ಅಥವಾ ಪಡೆದಿರುವ ಪ್ಲಾನ್ ಚಿಕ್ಕದಾಗಿದೆ ಎಂದರ್ಥ. ಇಂತಹ ಸಂದರ್ಭದಲ್ಲಿ ಮೆಶ್ ಖರೀದಿಸುವುದು ವ್ಯರ್ಥ ವೆಚ್ಚ. ಸೇವೆ ಒದಗಿಸುವ ಸಂಸ್ಥೆಗೆ ದೂರು ನೀಡಬೇಕು.

(ಆ) ಪೆಟ್ಟಿಗೆಯ ಪಕ್ಕ ವೇಗ ಸರಿಯಿದ್ದು ಕೋಣೆಗಳಲ್ಲಿ ಮಾತ್ರ ಕುಸಿಯುತ್ತಿದ್ದರೆ, ಪ್ರತಿ ಕೋಣೆಯಲ್ಲಿ ಸಿಗ್ನಲ್ ಪ್ರಮಾಣವನ್ನು ಮೊಬೈಲ್ ಆ್ಯಪ್ ಮೂಲಕ ಬರೆದುಕೊಳ್ಳುವುದು. ಸ್ಥೂಲವಾಗಿ –67 ಡಿಬಿಎಂ ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ವೀಡಿಯೊ ಕರೆಗೂ ಸಾಕಾಗುತ್ತದೆ. –80 ಡಿಬಿಎಂಗೆ ಇಳಿದರೆ ಸಂಪರ್ಕ ಕಡಿದುಹೋಗುವ ಸಾಧ್ಯತೆ ಹೆಚ್ಚು.

(ಇ) ರೂಟರ್ ಟಿ.ವಿ. ಹಿಂದೆ, ಕಬ್ಬಿಣದ ಕಪಾಟಿನೊಳಗೆ ಅಥವಾ ಮನೆಯ ಒಂದು ಮೂಲೆಯಲ್ಲಿದ್ದರೆ, ಅದನ್ನು ಮನೆಯ ಮಧ್ಯಭಾಗದಲ್ಲಿ ಆಳೆತ್ತರಕ್ಕೆ ಸ್ಥಳಾಂತರಿಸಿ ಮತ್ತೊಮ್ಮೆ ಅಳೆಯುವುದು. ಚಿಕ್ಕ ಮನೆಗಳಲ್ಲಿ ಇಷ್ಟರಿಂದಲೇ ಸಮಸ್ಯೆ ಪರಿಹಾರವಾಗಬಹುದು.

4. ಮೆಶ್ ವ್ಯವಸ್ಥೆ ಎಂದರೇನು?

ಒಂದಕ್ಕಿಂತ ಹೆಚ್ಚು ವೈ-ಫೈ ಘಟಕಗಳು ಪರಸ್ಪರ ಸಂಪರ್ಕದಲ್ಲಿದ್ದು, ಒಂದೇ ಹೆಸರು ಮತ್ತು ಒಂದೇ ಪಾಸ್‌ವರ್ಡ್‌ನ ಜಾಲವಾಗಿ ಕೆಲಸ ಮಾಡುವುದನ್ನು ಮೆಶ್ ಎನ್ನಲಾಗುತ್ತದೆ. ಮುಖ್ಯ ಘಟಕವು ಓಎನ್‌ಟಿಗೆ ಕೇಬಲ್ ಮೂಲಕ ಸೇರಿರುತ್ತದೆ. ಉಳಿದ ಘಟಕಗಳು ಅದರಿಂದ ಸಂಪರ್ಕ ಪಡೆದು ಮುಂದಕ್ಕೆ ಹರಡುತ್ತವೆ. ಚಾವಡಿಯಿಂದ ಉಪ್ಪರಿಗೆಗೆ ನಡೆದುಹೋದಾಗ ಮೊಬೈಲ್ ತಾನಾಗಿಯೇ ಹತ್ತಿರದ ಘಟಕಕ್ಕೆ ಬದಲಾಗುತ್ತದೆ.

ಘಟಕಗಳ ನಡುವಿನ ಸಂಪರ್ಕ ನಿಸ್ತಂತುವಾಗಿದ್ದಾಗ, ಅದೇ ತರಂಗಾಂತರವನ್ನು ಮೊಬೈಲ್‌ಗಳೂ ಹಂಚಿಕೊಳ್ಳುವುದರಿಂದ ದೂರದ ಘಟಕದಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯಬಹುದು. ಕೇಬಲ್ ಎಳೆದು ಜೋಡಿಸಿದಲ್ಲಿ ಈ ನಷ್ಟವಿರುವುದಿಲ್ಲ. ಮನೆಗೆ ಹೊಸದಾಗಿ ವಯರಿಂಗ್ ಮಾಡಿಸುವವರು ಪ್ರತಿ ಅಂತಸ್ತಿಗೆ ಒಂದು ನೆಟ್‌ವರ್ಕ್ ಕೇಬಲ್ ಪೈಪನ್ನೂ ಇಡಿಸಿಕೊಳ್ಳುವುದು ದೀರ್ಘಕಾಲಕ್ಕೆ ಮಿತವ್ಯಯದ ಕ್ರಮವಾಗಿರುತ್ತದೆ.

ಕೊಲ್ಲಿ ರಾಷ್ಟ್ರಗಳಿಂದ ಬಂಧುಗಳು ತರುವ ಉಪಕರಣಗಳ ಪ್ಲಗ್ ಬೇರೆ ಮಾದರಿಯದಾಗಿರುತ್ತದೆ ಹಾಗೂ ವಾರಂಟಿ ಭಾರತದಲ್ಲಿ ಅನ್ವಯಿಸದಿರಬಹುದು. ಸ್ಥಳೀಯವಾಗಿ ಖರೀದಿಸುವವರು ಜಿ.ಎಸ್.ಟಿ. ಬಿಲ್ಲನ್ನು ಪಡೆದು, ವಾರಂಟಿ ಅವಧಿ ಮುಗಿಯುವವರೆಗೆ ಕಾಯ್ದಿರಿಸಿಕೊಳ್ಳತಕ್ಕದ್ದು.

5. ಅಳವಡಿಸುವ ಕ್ರಮ

(1) ಎರಡನೆಯ ಘಟಕವನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲಿ ಇಡಬಾರದು. ಸಿಗ್ನಲ್ ಇಲ್ಲದಲ್ಲಿ ಅದಕ್ಕೂ ಹಂಚಲು ಏನೂ ಇರುವುದಿಲ್ಲ. ಮುಖ್ಯ ಘಟಕ ಮತ್ತು ಆ ಕೋಣೆಯ ನಡುವೆ, ಸಿಗ್ನಲ್ ಇನ್ನೂ ಉತ್ತಮವಾಗಿರುವ ಸ್ಥಳದಲ್ಲಿ ಇಡಬೇಕು. ಉಪ್ಪರಿಗೆಯಿರುವ ಮನೆಗಳಲ್ಲಿ ಮೆಟ್ಟಿಲ ಬಳಿಯ ತೆರೆದ ಜಾಗ ಸೂಕ್ತ.

(2) ಮೆಶ್ ಮುಖ್ಯ ಘಟಕವನ್ನು ‘ರೂಟರ್’ ಕ್ರಮದಲ್ಲಿಯೇ ಇಡಬೇಕು. ‘ಆ್ಯಕ್ಸೆಸ್ ಪಾಯಿಂಟ್’ ಕ್ರಮದಲ್ಲಿಟ್ಟರೆ ಹಲವು ಮಾದರಿಗಳಲ್ಲಿ ಪೋಷಕರ ನಿಯಂತ್ರಣ ಸೌಲಭ್ಯ ಕೆಲಸ ಮಾಡುವುದಿಲ್ಲ. ಓಎನ್‌ಟಿಯನ್ನು ‘ಬ್ರಿಡ್ಜ್’ ಕ್ರಮಕ್ಕೆ ಬದಲಿಸಿಕೊಡುವಂತೆ ಸೇವಾ ಸಂಸ್ಥೆಯನ್ನು ಕೋರಬಹುದಾಗಿದೆ.

(3) ಓಎನ್‌ಟಿಯ ಹಳೆಯ ವೈ-ಫೈಯನ್ನು ಕಡ್ಡಾಯವಾಗಿ ಆರಿಸಬೇಕು. ಇದು ಬಹಳಷ್ಟು ಮನೆಗಳಲ್ಲಿ ಉಳಿದುಹೋಗುವ ಲೋಪ. ಹೊಸ ಜಾಲಕ್ಕೆ ಎಷ್ಟೇ ನಿಯಮ ಹಾಕಿದರೂ, ಹಳೆಯ ಪಾಸ್‌ವರ್ಡ್ ಗೊತ್ತಿರುವ ಮಗು ಹಳೆಯ ಜಾಲದಿಂದ ಯಾವ ಅಡೆತಡೆಯೂ ಇಲ್ಲದೆ ಬಳಕೆ ಮುಂದುವರಿಸಬಹುದು.

(4) ಭದ್ರತೆಗೆ ಡಬ್ಲ್ಯುಪಿಎ3, ಅದು ಲಭ್ಯವಿಲ್ಲದಲ್ಲಿ ಡಬ್ಲ್ಯುಪಿಎ2 ಆಯ್ದುಕೊಳ್ಳಬೇಕು. ವೈ-ಫೈ ಪಾಸ್‌ವರ್ಡ್ ಮತ್ತು ರೂಟರಿನ ಆಡಳಿತ ಪಾಸ್‌ವರ್ಡ್ ಎರಡೂ ಬೇರೆ ಬೇರೆಯಾಗಿರಬೇಕು.

(5) ನೆಂಟರು, ನೆರೆಹೊರೆಯವರಿಗೆ ‘ಗೆಸ್ಟ್’ ಜಾಲವನ್ನು ಪ್ರತ್ಯೇಕವಾಗಿ ನೀಡಬೇಕು. ಯಾರೇ ದುರ್ಬಳಕೆ ಮಾಡಿದರೂ ವಿಚಾರಣೆಯು ಮೊದಲು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ಬರುವುದೆಂಬುದನ್ನು ಮರೆಯಬಾರದು.

6. ಪೋಷಕರ ನಿಯಂತ್ರಣ

ಮೆಶ್ ರೂಟರಿನ ಆ್ಯಪ್‌ನಲ್ಲಿ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಪ್ರೊಫೈಲ್ ತೆರೆದು, ಅದು ಬಳಸುವ ಮೊಬೈಲ್, ಟ್ಯಾಬ್, ಲ್ಯಾಪ್‌ಟಾಪ್‌ಗಳನ್ನು ಅದಕ್ಕೆ ಸೇರಿಸಬೇಕು. ಬಳಿಕ ಮೂರು ಬಗೆಯ ನಿಯಮಗಳನ್ನು ವಿಧಿಸಬಹುದಾಗಿದೆ.

ಸಮಯದ ನಿಯಮ: ಉದಾಹರಣೆಗೆ ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಂಪರ್ಕ ಸ್ಥಗಿತ. ಎಸ್.ಎಸ್.ಎಲ್.ಸಿ. ಹಾಗೂ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಪರೀಕ್ಷಾ ಕಾಲದಲ್ಲಿ ಬೇರೆ ವೇಳಾಪಟ್ಟಿ ಹಾಕಬಹುದು.

ವಿಷಯದ ನಿಯಮ: ಅಶ್ಲೀಲ, ಜೂಜು ಮೊದಲಾದ ವರ್ಗದ ತಾಣಗಳಿಗೆ ತಡೆ. ಈ ಸೌಲಭ್ಯವಿಲ್ಲದ ರೂಟರ್‌ಗಳಲ್ಲಿ ಡಿಎನ್ಎಸ್ ವಿಳಾಸವಾಗಿ ಕ್ಲೌಡ್‌ಫ್ಲೇರ್ ಸಂಸ್ಥೆಯ 1.1.1.3 ಎಂಬುದನ್ನು ನಮೂದಿಸಿದಲ್ಲಿ ವಯಸ್ಕರ ತಾಣಗಳು ಹಾಗೂ ಹಾನಿಕಾರಕ ತಂತ್ರಾಂಶದ ತಾಣಗಳು ಬಹುಮಟ್ಟಿಗೆ ತಡೆಯಲ್ಪಡುತ್ತವೆ. ಇದು ಉಚಿತ ಸೇವೆಯಾಗಿದೆ.

ತಾತ್ಕಾಲಿಕ ನಿಲುಗಡೆ: ಊಟದ ವೇಳೆಯಲ್ಲಿ, ಓದಿನ ವೇಳೆಯಲ್ಲಿ ಒಂದು ಗುಂಡಿ ಒತ್ತಿ ಆ ಪ್ರೊಫೈಲನ್ನು ಮಾತ್ರ ನಿಲ್ಲಿಸಬಹುದು. ಹಿರಿಯರ ಮೊಬೈಲ್‌ಗೆ ಇದರಿಂದ ತೊಂದರೆಯಾಗುವುದಿಲ್ಲ.

ನಿಯಂತ್ರಣದ ಮಿತಿಗಳು: ಇತ್ತೀಚಿನ ಮೊಬೈಲ್‌ಗಳು ತಮ್ಮ ಗುರುತಿನ ವಿಳಾಸವನ್ನು ಬದಲಾಯಿಸಬಲ್ಲವು. ಆಗ ರೂಟರ್ ಅದನ್ನು ಹೊಸ ಉಪಕರಣವೆಂದು ತಿಳಿದು ನಿಯಮವನ್ನು ಅನ್ವಯಿಸುವುದಿಲ್ಲ. ಮಗುವಿನ ಮೊಬೈಲ್‌ನಲ್ಲಿ ಮನೆಯ ಜಾಲದ ಮಟ್ಟಿಗೆ ಈ ಆಯ್ಕೆಯನ್ನು ಆರಿಸಬೇಕು ಹಾಗೂ ಹೊಸ ಉಪಕರಣ ಸೇರಿದಾಗ ಸೂಚನೆ ಬರುವಂತೆ ಆ್ಯಪ್‌ನಲ್ಲಿ ವ್ಯವಸ್ಥೆ ಮಾಡಬೇಕು. ವಿಪಿಎನ್ ಆ್ಯಪ್‌ಗಳ ಮೂಲಕವೂ ತಡೆಯನ್ನು ದಾಟಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಿಮ್ ಕಾರ್ಡಿನ ಡೇಟಾ ಬಳಸಿದಾಗ ರೂಟರಿನ ಯಾವ ನಿಯಮವೂ ಅನ್ವಯಿಸುವುದಿಲ್ಲ. ಆದ್ದರಿಂದ ಮೊಬೈಲ್‌ನಲ್ಲಿಯೇ ಗೂಗಲ್ ಫ್ಯಾಮಿಲಿ ಲಿಂಕ್ ಅಥವಾ ಆ್ಯಪಲ್ ಸ್ಕ್ರೀನ್ ಟೈಮ್ ಸೌಲಭ್ಯವನ್ನು ಜೊತೆಯಾಗಿ ಬಳಸತಕ್ಕದ್ದು.

7. ಕೀಲಿ ಯಾರ ಕೈಯಲ್ಲಿರಬೇಕು?

ಈ ಭಾಗದ ಅನೇಕ ಮನೆಗಳಲ್ಲಿ ತಂದೆ ಅಥವಾ ತಾಯಿ ಮುಂಬಯಿ ಇಲ್ಲವೇ ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದು, ಮಕ್ಕಳು ಅಜ್ಜ ಅಜ್ಜಿಯರೊಂದಿಗೆ ಇರುತ್ತಾರೆ. ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಲ್ಲವರು ಮಕ್ಕಳೇ ಆದುದರಿಂದ, ರೂಟರ್ ಅಳವಡಿಸುವ ಕೆಲಸವೂ ಆಡಳಿತ ಪಾಸ್‌ವರ್ಡ್ ಇಡುವ ಕೆಲಸವೂ ಅವರ ಕೈಗೇ ಬರುವುದುಂಟು. ಯಾರಿಗಾಗಿ ನಿಯಮವೋ ಅವರ ಕೈಯಲ್ಲಿಯೇ ಕೀಲಿ ಇದ್ದರೆ ನಿಯಮವಿದ್ದೂ ಇಲ್ಲದಂತೆ.

ಮೆಶ್ ಆ್ಯಪ್‌ಗಳ ಪೈಕಿ ಅನೇಕವನ್ನು ದೂರದಿಂದಲೂ ನಿರ್ವಹಿಸಬಹುದಾಗಿದ್ದು, ಪರಸ್ಥಳದಲ್ಲಿರುವ ಪೋಷಕರ ಹೆಸರಿನಲ್ಲಿ ಮುಖ್ಯ ಖಾತೆಯನ್ನು ತೆರೆಯಬಹುದು. ಆದರೆ ಲೈನ್ ಕೆಟ್ಟಾಗ ದೂರದಿಂದ ಏನೂ ಮಾಡಲಾಗದು. ಆದುದರಿಂದ ಮನೆಯಲ್ಲಿರುವ ಒಬ್ಬ ಹಿರಿಯರಿಗೂ ಆಡಳಿತದ ಅವಕಾಶ ನೀಡಿ, ಪಾಸ್‌ವರ್ಡನ್ನು ಬರೆದು ಇತರ ಕಾಗದಪತ್ರಗಳೊಂದಿಗೆ ಇರಿಸಿಕೊಳ್ಳುವುದು ಒಳ್ಳೆಯದು.

ನಿಯಮಗಳನ್ನು ಮಗುವಿಗೆ ತಿಳಿಸಿಯೇ ಹಾಕಬೇಕು. ಗುಟ್ಟಾಗಿ ಹಾಕಿದ ತಡೆಯನ್ನು ಮಗು ಗುಟ್ಟಾಗಿಯೇ ದಾಟಲು ನೋಡುವುದು. ಅಪರಿಚಿತರು ಚಿತ್ರ ಕೇಳಿದರೆ, ಹೆದರಿಸಿದರೆ, ಆಟದ ನೆಪದಲ್ಲಿ ಹಣ ಕೇಳಿದರೆ ಮನೆಯಲ್ಲಿ ಬಂದು ಹೇಳಿದಲ್ಲಿ ಮೊಬೈಲ್ ಕಸಿದುಕೊಳ್ಳುವುದಿಲ್ಲ ಎಂಬ ಭರವಸೆಯನ್ನು ಮೊದಲೇ ನೀಡಿರಬೇಕು. ಮೊಬೈಲ್ ಹೋಗುವುದೆಂಬ ಭಯದಿಂದಲೇ ಮಕ್ಕಳು ವಿಷಯವನ್ನು ಮುಚ್ಚಿಡುತ್ತಾರೆ.

8. ವಿದ್ಯುತ್ ಮತ್ತು ಸಿಡಿಲಿನಿಂದ ರಕ್ಷಣೆ

ಕರಾವಳಿಯಲ್ಲಿ ಮಳೆಗಾಲದ ಮೊದಲು ಮತ್ತು ನಂತರ ಗುಡುಗು ಸಿಡಿಲು ಹೆಚ್ಚು. ಸಿಡಿಲಿನ ವೇಳೆ ಓಎನ್‌ಟಿ ಹಾಗೂ ಎಲ್ಲಾ ಘಟಕಗಳ ಪ್ಲಗ್ ತೆಗೆಯಬೇಕು. ಗುಡುಗು ಕೇಳಿಸುವ ಮೊದಲೇ ಈ ಕೆಲಸ ಮಾಡಿ ಮುಗಿಸುವುದು ಸುರಕ್ಷಿತ. ಮನೆಯಿಂದ ಹೊರಗಿನ ಕೊಟ್ಟಿಗೆಗೆ ಅಥವಾ ಬೇರೆ ಕಟ್ಟಡಕ್ಕೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯಬಾರದು. ಅಗತ್ಯವಿದ್ದಲ್ಲಿ ಲೋಹದ ತಂತಿಯಿಲ್ಲದ ಫೈಬರ್ ಅಥವಾ ನಿಸ್ತಂತು ಘಟಕ ಬಳಸಬೇಕು. ವಿದ್ಯುತ್ ಹೋದಾಗ ಅರ್ಜಿ ನಡುವೆ ನಿಲ್ಲದಂತೆ ಓಎನ್‌ಟಿ ಮತ್ತು ಮುಖ್ಯ ಘಟಕಕ್ಕೆ ಚಿಕ್ಕ ಯುಪಿಎಸ್ ಜೋಡಿಸಿಕೊಳ್ಳಬಹುದಾಗಿದೆ.

9. ಕಾನೂನು ಮತ್ತು ಸಹಾಯವಾಣಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿ 18 ವರ್ಷದೊಳಗಿನವರನ್ನು ಮಗುವೆಂದು ಪರಿಗಣಿಸಲಾಗಿದ್ದು, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಪಡೆಯಬೇಕೆಂದು ವಿಧಿಸಲಾಗಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ನಿಷೇಧಿಸಿದೆ.

ಆನ್‌ಲೈನ್ ಹಣಕಾಸು ವಂಚನೆಯಾದಲ್ಲಿ ತಡಮಾಡದೆ 1930ಕ್ಕೆ, ಮಗುವಿಗೆ ನೆರವು ಬೇಕಾದಲ್ಲಿ 1098ಕ್ಕೆ, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಉಡುಪಿಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದಾಗಿದೆ. ದೂರು ನೀಡುವ ಮೊದಲು ಸಂದೇಶಗಳನ್ನು ಅಳಿಸಬಾರದು. ಮಕ್ಕಳ ಅಶ್ಲೀಲ ಚಿತ್ರಗಳಿದ್ದಲ್ಲಿ ಅವನ್ನು ಬಂಧುಗಳಿಗಾಗಲೀ ಗುಂಪುಗಳಿಗಾಗಲೀ ಕಳುಹಿಸುವುದೇ ಅಪರಾಧವಾಗಿರುವುದರಿಂದ, ನೇರವಾಗಿ ಪೊಲೀಸರಿಗೆ ಮಾತ್ರ ತೋರಿಸತಕ್ಕದ್ದು.

10. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ರೂಟರನ್ನು ಉಪಯೋಗಿಸಬಹುದೇ?
ಉತ್ತರ: ಕೇಬಲ್ ಎಳೆಯಲು ಸಾಧ್ಯವಿದ್ದಲ್ಲಿ ಅದನ್ನು ‘ಆ್ಯಕ್ಸೆಸ್ ಪಾಯಿಂಟ್’ ಆಗಿ ಬಳಸಬಹುದು. ವೆಚ್ಚ ಕಡಿಮೆ. ಆದರೆ ಮುಖ್ಯ ರೂಟರಿನಲ್ಲಿ ಪೋಷಕರ ನಿಯಂತ್ರಣ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಬೇರೆ ಬೇರೆ ಕಂಪನಿಗಳ ಘಟಕಗಳನ್ನು ಜೋಡಿಸಬಹುದೇ?
ಉತ್ತರ: ‘ಈಸಿಮೆಶ್’ ಗುರುತಿರುವ ಉಪಕರಣಗಳನ್ನು ಜೋಡಿಸಬಹುದು. ಉಳಿದಂತೆ ಒಂದೇ ಕಂಪನಿಯ ಘಟಕಗಳನ್ನು ಕೊಳ್ಳುವುದು ಸೂಕ್ತ.

ಪ್ರಶ್ನೆ: ಶುಲ್ಕ ಪಾವತಿಸುವಾಗ ಸಂಪರ್ಕ ಕಡಿದರೆ ಏನು ಮಾಡಬೇಕು?
ಉತ್ತರ: ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂಬುದನ್ನೂ ಅರ್ಜಿಯ ಸ್ಥಿತಿಯನ್ನೂ ಮೊದಲು ಪರಿಶೀಲಿಸಬೇಕು.

ಪ್ರಶ್ನೆ: ಮನೆಯಲ್ಲಿ ವೈ-ಫೈ ಇಲ್ಲದವರು ಅರ್ಜಿ ಸಲ್ಲಿಸುವುದು ಹೇಗೆ?
ಉತ್ತರ: ಗ್ರಾಮ ಒನ್ ಕೇಂದ್ರಗಳ ಮೂಲಕ ಅಥವಾ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದಾಗಿದೆ. ಸೇವೆ ಪಡೆಯಲು ಮನೆಯಲ್ಲಿ ಅಂತರ್ಜಾಲ ಸಂಪರ್ಕ ಇರಲೇಬೇಕೆಂಬ ನಿಬಂಧನೆ ಇರುವುದಿಲ್ಲ.

ನಾಗರಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಂಡು, ಮನೆಯ ಅಂತರ್ಜಾಲ ಸಂಪರ್ಕವನ್ನು ಎಲ್ಲಾ ಕೋಣೆಗಳಿಗೆ ತಲುಪಿಸುವ ದಿನವೇ ಮಕ್ಕಳ ಸುರಕ್ಷತೆಯ ವ್ಯವಸ್ಥೆಯನ್ನೂ ಮಾಡಿಕೊಳ್ಳುವಂತೆ ಕೋರಲಾಗಿದೆ.