ನಿಮಗಿದು ಗೊತ್ತೇ? ನಕ್ಷೆಗೂ ಪ್ರಶ್ನೆ ಕೇಳಬಹುದು!

ಗೋಡೆಗೆ ತೂಗುಹಾಕಿದ ನಕ್ಷೆಯನ್ನು ನೋಡಬಹುದು, ಅಷ್ಟೆ. ‘ಕೆರೆ ಅಂಚಿನಿಂದ 500 ಮೀಟರ್ ಒಳಗೆ ಎಷ್ಟು ಕೊಳವೆಬಾವಿಗಳಿವೆ? ಬತ್ತಿದವು ಯಾವುವು?’ ಎಂದು ಕೇಳಿದರೆ ಅದು ಉತ್ತರ ಕೊಡದು. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಕೊಡುತ್ತದೆ. ಅದರಲ್ಲಿ ಕೆರೆ ಒಂದು ಪದರ, ಕೊಳವೆಬಾವಿ ಇನ್ನೊಂದು, ರಸ್ತೆ ಮತ್ತೊಂದು. ಪ್ರತಿ ಚುಕ್ಕೆಯ ಹಿಂದೆಯೂ ಅದರ ವಿವರಗಳ ಪಟ್ಟಿ ಇರುತ್ತದೆ.

ಇದರ ಬೀಜ ಬಿದ್ದದ್ದು ವಿಮಾನದಲ್ಲಿ! 1962ರಲ್ಲಿ ಭೂಗೋಳತಜ್ಞ ರೋಜರ್ ಟಾಮ್ಲಿನ್ಸನ್ ಸಹಪ್ರಯಾಣಿಕನೊಂದಿಗೆ ಮಾತಿಗಿಳಿದರು. ಆತ ಕೆನಡಾ ಸರ್ಕಾರದ ಅಧಿಕಾರಿ ಲೀ ಪ್ರ್ಯಾಟ್. ದೇಶದ ಜಮೀನಿನ ಗುಣವನ್ನು ನಕ್ಷೆಗಿಳಿಸುವ ಹೊಣೆ ಹೊತ್ತಿದ್ದಾತ. ಕೈಯಿಂದ ಮುಗಿಯದ ಆ ಲೆಕ್ಕವನ್ನು ಟಾಮ್ಲಿನ್ಸನ್ ಕಂಪ್ಯೂಟರಿಗೆ ಒಪ್ಪಿಸಿದರು.

ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಪದರಗಳ ವಿಚಾರ ಇತ್ತು. 1854ರಲ್ಲಿ ಲಂಡನ್ನಿನ ಸೋಹೊ ಬಡಾವಣೆಗೆ ಕಾಲರಾ ಬಡಿಯಿತು. ವೈದ್ಯ ಜಾನ್ ಸ್ನೋ ಒಂದೇ ನಕ್ಷೆಯಲ್ಲಿ ಸಾವುಗಳನ್ನೂ ನೀರಿನ ಪಂಪುಗಳನ್ನೂ ಗುರುತಿಸಿದರು. ಸಾವಿನ ಗುರುತುಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಕಿಕ್ಕಿರಿದಿದ್ದವು. ನಕ್ಷೆ ನೋಡಿಯೇ ಪಂಪಿನ ಹಿಡಿ ಕಳಚಿದರು ಎಂಬ ಮಾತು ಮಾತ್ರ ಸರಿಯಲ್ಲ. ಸೆಪ್ಟೆಂಬರ್ 8ಕ್ಕೇ ಹಿಡಿ ತೆಗೆಸಿಯಾಗಿತ್ತು, ನಕ್ಷೆ ಆಮೇಲಿನದು. ನನಗೆ ಅದರಲ್ಲಿ ದೊಡ್ಡದೆನಿಸುವುದು ಗುರುತೇ ಬೀಳದ ಜಾಗ. ಪಂಪಿನ ಪಕ್ಕದ ಬಿಯರ್ ಕಾರ್ಖಾನೆಯ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರು ಕುಡಿಯುತ್ತಿದ್ದುದು ಬಿಯರ್. ಅಲ್ಲಿ ಬೇರೆ ಬಾವಿಯೂ ಇತ್ತು. ಇತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ತೀರಿಕೊಂಡ ವಿಧವೆಯೊಬ್ಬರು, ರುಚಿ ಹಿಡಿಸಿತೆಂದು ಅದೇ ಪಂಪಿನ ನೀರನ್ನು ಮನೆಗೆ ತರಿಸುತ್ತಿದ್ದರು!

ಜಿಐಎಸ್‌ನಲ್ಲಿ ಪ್ರತಿ ಚುಕ್ಕೆಯ ಜಾಗ ಹೇಳುವುದು ಅಕ್ಷಾಂಶ, ರೇಖಾಂಶ. ಅಕ್ಷಾಂಶದಲ್ಲಿ ದಶಮಾಂಶ ಬಿಂದುವಿನ ನಂತರದ ಐದನೇ ಅಂಕಿ ಒಂದು ಹೆಚ್ಚಾದರೆ ಜಾಗ ಸರಿಯುವುದು ಸುಮಾರು 1.1 ಮೀಟರ್. ಮೂರನೇ ಅಂಕಿಯಾದರೆ ಸುಮಾರು 110 ಮೀಟರ್. ಕೊಳವೆಬಾವಿ ಪಕ್ಕದವರ ತೋಟಕ್ಕೆ ಹೋಗಲು ಅಷ್ಟು ಸಾಕು.

ನಕ್ಷೆಕಾರರು ಜಗತ್ತನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿ, ಪ್ರತಿಯೊಂದಕ್ಕೂ ಬೇರೆ ಅಳತೆ ಇಟ್ಟಿದ್ದಾರೆ. 43ನೇ ಪಟ್ಟಿ ಮುಗಿದು 44 ಶುರುವಾಗುವ 78 ಡಿಗ್ರಿ ರೇಖಾಂಶ ಹಾಯುವುದು ಬೆಂಗಳೂರಿಗೂ ಕೋಲಾರಕ್ಕೂ ನಡುವೆ. ಎರಡೂ ಊರುಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸುವವರು ಇದನ್ನು ಮರೆತರೆ ಪದರಗಳು ಒಂದರ ಮೇಲೊಂದು ಕೂರುವುದಿಲ್ಲ.

ಜಿಐಎಸ್‌ನಲ್ಲಿ ಪದರವಾಗಿ ಬಳಸುವ ಉಪಗ್ರಹ ಚಿತ್ರಗಳಲ್ಲಿ ಹಸಿರು ಪೈರು ಎಷ್ಟೋ ಸಲ ಕೆಂಪಾಗಿ ಕಾಣುತ್ತದೆ. ಆರೋಗ್ಯವಂತ ಎಲೆ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಜೋರಾಗಿ ಪ್ರತಿಫಲಿಸುತ್ತದೆ. ಅದಕ್ಕೆ ಕೆಂಪು ಬಣ್ಣ ಕೊಟ್ಟಿರುತ್ತಾರೆ. ಕೆಂಪು ಮಾಸಿತೆಂದರೆ ಬೆಳೆ ಸೊರಗಿರಬಹುದು.

ಕರ್ನಾಟಕದ ಸರ್ವೆ ಇಲಾಖೆಯ ‘ದಿಶಾಂಕ್’ ಆ್ಯಪ್ ಬಳಸಿದ್ದೀರಾ? ಹೊಲದಲ್ಲಿ ನಿಂತು ತೆರೆದರೆ ನಿಮ್ಮ ಕಾಲಡಿಯ ಸರ್ವೆ ನಂಬರ್, ಗ್ರಾಮ, ಹೋಬಳಿ ಬರುತ್ತವೆ. ಹಳೆಯ ಗ್ರಾಮ ನಕ್ಷೆಯನ್ನು ಇಂದಿನ ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಿದ ಫಲ ಇದು. ಸೈಟು ಕೊಳ್ಳುವ ಮುನ್ನ ಒಮ್ಮೆ ನೋಡಿ. ಅದು ಕೆರೆಯಂಗಳವೋ ಹಳ್ಳದ ಜಾಗವೋ ಎಂಬ ಸುಳಿವು ಸಿಕ್ಕೀತು. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುವುದುಂಟು. ಬದುವಿನ ಜಗಳಕ್ಕೆ ಹದ್ದುಬಸ್ತು ಅಳತೆಯೇ ಆಗಬೇಕು.

2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ರಕ್ಷಣಾ ತಂಡಗಳ ಕೈಯಲ್ಲಿ ಸರಿಯಾದ ಬೀದಿ ನಕ್ಷೆ ಇರಲಿಲ್ಲ. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಮನೆಯಲ್ಲೇ ಕೂತು, ಉಪಗ್ರಹ ಚಿತ್ರ ನೋಡಿ, ರಾಜಧಾನಿಯ ಬೀದಿಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗೆರೆ ಎಳೆದು ತುಂಬಿದರು. ಅದೇ ನಕ್ಷೆಗೆ ನಿಮ್ಮೂರಿನ ಕೆರೆ, ಕಟ್ಟೆ, ಓಣಿಗಳ ಹೆಸರನ್ನು ಕನ್ನಡದಲ್ಲೇ ನೀವೂ ಸೇರಿಸಬಹುದು. ಜಿಐಎಸ್ ಕಲಿಯಲು ಕ್ಯೂಜಿಐಎಸ್ ತಂತ್ರಾಂಶವಿದೆ, ಪೂರ್ತಿ ಉಚಿತ.